ಟಿಪ್ಪಣಿಯೊಳಗೊಂದು ಅಂಕಿತ

ಹನ್ನೆರಡನೆಯ ಶತಮಾನದ ಕಲ್ಯಾಣ ಕ್ರಾಂತಿಯ ನಂತರ ಶರಣರು ಚದುರಿದರು, ವಚನದ ಕಟ್ಟುಗಳೂ ಚದುರಿದವು. ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸುವ ಹೊತ್ತಿಗೆ ಏಳು ಶತಮಾನ ಕಳೆದಿತ್ತು. ಆದರೂ ಯಾವ ವಚನ ಯಾರದೆಂದು ಬಹುಮಟ್ಟಿಗೆ ತಿಳಿಯುತ್ತಿತ್ತು. ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣ, ‘ಗುಹೇಶ್ವರ’ ಎಂದಿದ್ದರೆ ಅಲ್ಲಮ. ಅಂಕಿತ ವಚನದ ಒಳಗೇ ಇದ್ದುದರಿಂದ, ನಕಲು ಮಾಡಿದವರು ಯಾರೇ ಆಗಿರಲಿ, ಅದೂ ಜೊತೆಗೇ ಹೋಯಿತು.

ಮೊಬೈಲಿನ ಟಿಪ್ಪಣಿ ಆ್ಯಪ್‌ಗಳನ್ನು ಅಳೆಯಲು, ಗುರುತು ಬರಹದ ಜೊತೆಗೇ ಹೋಗುತ್ತದೆಯೇ ಎಂಬುದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ಬಹಳಷ್ಟು ಆ್ಯಪ್‌ಗಳು ಲೇಬಲ್, ಬಣ್ಣ, ವಿಭಾಗಗಳನ್ನು ತಮ್ಮ ದತ್ತಕೋಶದಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತವೆ. ಬರಹವನ್ನು ಬೇರೆಡೆಗೆ ಒಯ್ದಾಗ ಅವು ಹಿಂದೆಯೇ ಉಳಿಯಬಹುದು. ಒಬ್ಸಿಡಿಯನ್ ಥರದ ಆ್ಯಪ್ ಪ್ರತಿ ಟಿಪ್ಪಣಿಯನ್ನೂ ನಿಮ್ಮದೇ ಫೋನಿನಲ್ಲಿ ಸಾದಾ ಪಠ್ಯದ ಕಡತವಾಗಿ ಉಳಿಸುತ್ತದೆ. ಅದರಲ್ಲಿ #ತೊಗರಿ ಎಂದು ಬರೆದರೆ ಆ ಗುರುತು ಬರಹದ ಭಾಗವೇ. ನಾಳೆ ಆ್ಯಪ್ ಮುಚ್ಚಿದರೂ ಕಡತ ಓದಲು ಬರುತ್ತದೆ.

ಇನ್ನು ಹುಡುಕಾಟ. ಅನೇಕ ಆ್ಯಪ್‌ಗಳು ಪುಸ್ತಕದ ಕೊನೆಯ ಪದಸೂಚಿಯಂಥದನ್ನು ಒಳಗೊಳಗೇ ಕಟ್ಟಿಕೊಳ್ಳುತ್ತವೆ: ಈ ಪದ ಇಂತಿಂಥ ಟಿಪ್ಪಣಿಯಲ್ಲಿದೆ ಎಂದು. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದಲ್ಲ! ‘ಊರು’ ಎಂದು ಹುಡುಕಿದರೆ ‘ಊರಿಗೆ’ ಸಿಗುವುದಿಲ್ಲ, ಏಕೆಂದರೆ ಕೊನೆಯ ಉಕಾರ ಅಲ್ಲಿ ಲೋಪವಾಗಿದೆ. ಪದದ ತುಣುಕನ್ನೂ ಹುಡುಕಬಲ್ಲ ಆ್ಯಪ್‌ನಲ್ಲಿ ‘ಊರ’ ಎಂದಷ್ಟೇ ಕೊಟ್ಟರೆ ಎರಡೂ ಬರುತ್ತವೆ. ಗಣಕದ ಲೆಕ್ಕದಲ್ಲಿ ‘ರು’ ಎಂದರೆ ‘ರ’ ಮತ್ತು ಉಕಾರದ ಚಿಹ್ನೆ, ಎರಡು ಬೇರೆ ಬೇರೆ ಸಂಕೇತಗಳು.

‘ಹುಮನಾಬಾದ್’ನಂಥ ಊರ ಹೆಸರು ಬರೆಯುವವರಿಗೆ ಇನ್ನೂ ಒಂದು ತೊಡಕಿದೆ. ‘ಹುಮನಾಬಾದ್‌ನಲ್ಲಿ’ ಎಂದು ಬರೆಯುವಾಗ ‘ದ್’ ಮತ್ತು ‘ನ’ ಕೂಡಿ ಒತ್ತಕ್ಷರವಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಒಂದು ಕೀಲಿಮಣೆ ಅದನ್ನು ಹಾಕಿ, ಇನ್ನೊಂದು ಹಾಕದಿದ್ದರೆ, ಗಣಕಕ್ಕೆ ಅವು ಎರಡು ಬೇರೆ ಪದಗಳು. ‘ಬೀದರ್’ನ ದೀರ್ಘವನ್ನೂ ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಗುಡಿಸು ಮತ್ತು ದೀರ್ಘಚಿಹ್ನೆ ಸೇರಿಸಿ. ಒಳ್ಳೆಯ ತಂತ್ರಾಂಶ ಇವೆರಡನ್ನೂ ಮೊದಲು ಒಂದೇ ರೂಪಕ್ಕೆ ತಂದು ಆಮೇಲೆ ಹುಡುಕುತ್ತದೆ. ಪದದ ತುಣುಕು ಕೊಟ್ಟರೂ ಸಿಗುತ್ತದೆಯೇ ಎಂದು ತಿಳಿಯಲು, ಹೊಸ ಆ್ಯಪ್ ಹಾಕಿಕೊಂಡ ಕೂಡಲೇ ‘ಹುಮನಾಬಾದ್‌ನಲ್ಲಿ’, ‘ಬಸವಕಲ್ಯಾಣಕ್ಕೆ’ ಎಂದು ಎರಡು ಸಾಲು ಬರೆದು ‘ಹುಮನಾಬಾದ’, ‘ಕಲ್ಯಾಣ’ ಎಂದು ಹುಡುಕಿ ನೋಡಿ. ಸಿಗದಿದ್ದರೆ, ಅದು ಎಷ್ಟೇ ಚೆಂದವಿರಲಿ, ಕನ್ನಡದಲ್ಲಿ ವರ್ಷಗಟ್ಟಲೆ ಬರೆದಿಡುವವರಿಗೆ ಒದಗುವುದಿಲ್ಲ.

ಎಲ್ಲರಿಗೂ ಅಷ್ಟು ಬೇಕೆಂದೇನೂ ಇಲ್ಲ. ಅಡತಿ ಅಂಗಡಿಯಲ್ಲಿ ನಿಂತು ಇಂದಿನ ತೊಗರಿ ದರ ಗುರುತು ಹಾಕಿಕೊಳ್ಳುವವರಿಗೆ, ವಾರ ಕಳೆದ ಮೇಲೆ ಬೇಡವಾಗುವ ಪಟ್ಟಿ ಬರೆಯುವವರಿಗೆ ಗೂಗಲ್ ಕೀಪ್ ಧಾರಾಳವಾಯಿತು. ಕನ್ನಡದಲ್ಲಿ ಮಾತಾಡಿಯೂ ಬರೆಸಬಹುದು. ವಚನಗಳನ್ನು ವಿಷಯವಾರು ಜೋಡಿಸುವ ಸಂಶೋಧಕರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಎರಡು ಮೂರು ವರ್ಷ ಓದುವವರಿಗೆ ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಕೊಂಡಿ ಹಾಕಲು ಬರಬೇಕು. ಅಂಥವರು ಒಬ್ಸಿಡಿಯನ್ ಅಥವಾ ಜೋಪ್ಲಿನ್ ಅನ್ನು ಮೇಲಿನ ಪರೀಕ್ಷೆಗೆ ಒಡ್ಡಿ ನೋಡುವುದು ಒಳಿತು. ಎರಡೂ ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತವೆ.

ಬೇರೆ ಕಂಪನಿಯ ಸರ್ವರಿನಲ್ಲಿರುವ ಟಿಪ್ಪಣಿಗೆ ನಿಯಮವೂ ಅವರದೇ. 2023ರ ಡಿಸೆಂಬರಿನಲ್ಲಿ ಎವರ್‌ನೋಟ್ ತನ್ನ ಉಚಿತ ಬಳಕೆಯನ್ನು 50 ಟಿಪ್ಪಣಿಗಳಿಗೆ ಇಳಿಸಿತು. ಹೀಗಾಗಿ ಹತ್ತು ಟಿಪ್ಪಣಿ ಬರೆಯುತ್ತಲೇ ಅವನ್ನು ಒಮ್ಮೆ ಹೊರತೆಗೆದು ಬೇರೆ ತಂತ್ರಾಂಶದಲ್ಲಿ ತೆರೆದು ನೋಡಬೇಕು: ಅಕ್ಷರ ಸರಿಯಾಗಿದೆಯೇ, ಗುರುತುಗಳು ಬಂದಿವೆಯೇ, ದಿನಾಂಕ ಉಳಿದಿದೆಯೇ? ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಕಡತಗಳಿದ್ದರೆ ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಯೇ ಒಳಗೆ ಹಾಕಿ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರ ಕೂರಿಸಿದವು. ಹಾಗಾಗಿ ಫಾಂಟ್ ಇಲ್ಲದ ಫೋನಿನಲ್ಲಿ ಓದಲು ಬರುವುದಿಲ್ಲ, ಕನ್ನಡದಲ್ಲಿ ಹುಡುಕಲೂ ಸಿಗುವುದಿಲ್ಲ.