ಎರಡನೇ ಸಲದ ಓದು

ಕಾನೂನು ಪದವಿಯ ರಾಷ್ಟ್ರೀಯ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಈಚೆಗೆ ಡಿಸೆಂಬರಿನಲ್ಲಿ ನಡೆಯುತ್ತಿದೆ. ಬಂದ ಅಂಕಕ್ಕೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸಿಗದು ಎಂದು ಗೊತ್ತಾಗುವ ಹೊತ್ತಿಗೆ ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಜಾನುವಾರು ಜಾತ್ರೆ ಹತ್ತಿರವಾಗಿರುತ್ತದೆ. ಮತ್ತೆ ಬರೆಯುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿದ ವಿದ್ಯಾರ್ಥಿಗೆ ಮುಂದಿನ ಪರೀಕ್ಷೆಗೆ ಸುಮಾರು ಹನ್ನೊಂದು ತಿಂಗಳು ಸಿಗುತ್ತದೆ. ಅದೇ ಪುಸ್ತಕಗಳನ್ನು ಇನ್ನಷ್ಟು ಹೊತ್ತು ಓದಬೇಕೆಂದು ಯಾರಿಗಾದರೂ ಅನಿಸುತ್ತದೆ. ನೆನಪಿನ ಬಗೆಗಿನ ಸಂಶೋಧನೆ ಬೇರೆಯೇ ಹೇಳುತ್ತದೆ.

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಆಮೇಲೆ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮೇಲಾಗಿತ್ತು: ಶೇ 81, ಶೇ 75. ವಾರದ ನಂತರ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ 42, ನೆನಪಿಸಿಕೊಂಡು ಬರೆದಿದ್ದರಲ್ಲಿ ಶೇ 56.

ಮತ್ತೆ ಮತ್ತೆ ಓದಿದ ಸಾಲು ಪರಿಚಿತವಾಗುತ್ತದೆ. ಆ ಪರಿಚಯವನ್ನೇ ನಾವು ಕಲಿಕೆ ಎಂದು ತಿಳಿಯುತ್ತೇವೆ. ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವ ಕೆಲಸ ಕಷ್ಟದ್ದು, ಆದರೆ ನೆನಪನ್ನು ಗಟ್ಟಿ ಮಾಡುವುದು ಅದೇ. ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಹೀಗೆ ಹೊರತೆಗೆದರೆ ಫಲ ಇನ್ನೂ ಹೆಚ್ಚು. ಮೊದಲಿಗೆ ಬೇಗ, ಆಮೇಲೆ ನಿಧಾನವಾಗಿ ಮರೆಯುತ್ತೇವೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕೈಕೊಟ್ಟ ಪ್ರಶ್ನೆಪತ್ರಿಕೆಯಿಂದಲೇ. ಖಚಿತವಾಗಿ ಸರಿ ಎಂದು ನಂಬಿ ಬರೆದ ತಪ್ಪು, ಸರಿಯುತ್ತರ ತಿಳಿದ ಮೇಲೆ ಅಳುಕಿನಿಂದ ಬರೆದ ತಪ್ಪಿಗಿಂತ ಚೆನ್ನಾಗಿ ಸರಿಹೋಗುತ್ತದೆ ಎಂದು ಮನೋವಿಜ್ಞಾನಿಗಳಾದ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲಿ ತೋರಿಸಿದರು. ಹೀಗಾಗಿ ಸರಿಯೆಂದೇ ನಂಬಿ ಬರೆದು ಅತಿ ನೋವು ಕೊಟ್ಟ ತಪ್ಪುಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಲಾಭದ ಕೆಲಸ.

2020ರಿಂದ ಕ್ಲ್ಯಾಟ್ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತದೆ. ಈಗ 120 ನಿಮಿಷಕ್ಕೆ 120 ಪ್ರಶ್ನೆ. ತಪ್ಪಿಗೆ ಕಾಲು ಅಂಕ ಕಡಿತ. ಕಾನೂನಿನ ಭಾಗದಲ್ಲಿ ಒಂದು ತತ್ವವನ್ನು ಹೊಸ ಸಂಗತಿಗೆ ಹೊಂದಿಸಬೇಕು, ಬಾಯಿಪಾಠ ಇಲ್ಲಿ ಸಾಲದು. 1872ರ ಕರಾರು ಅಧಿನಿಯಮದ 17ನೇ ಸೆಕ್ಷನ್ನಿನ ಉದಾಹರಣೆಗಳನ್ನೇ ನೋಡಿ. ಹರಾಜಿನಲ್ಲಿ ಕುದುರೆ ಮಾರುವವನಿಗೆ ಅದರ ಊನ ಗೊತ್ತು, ಆದರೂ ಸುಮ್ಮನಿದ್ದಾನೆ. ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ಅವನ ಮಗಳಾದರೆ, ಹೇಳುವುದು ಅವನ ಹೊಣೆ. 'ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಿದೆ ಎಂದುಕೊಳ್ಳುತ್ತೇನೆ' ಎಂದು ಕೊಳ್ಳುವವರು ಹೇಳಿದ ಮೇಲೂ ಬಾಯಿ ಬಿಡದಿದ್ದರೆ, ಆ ಮೌನ ಮಾತಿಗೆ ಸಮ.

ಈಗ ಕುದುರೆಯ ಜಾಗದಲ್ಲಿ ಜಾತ್ರೆಯ ಜೋಡೆತ್ತನ್ನು ನಿಲ್ಲಿಸಿ. ಒಂದು ಎತ್ತಿಗೆ ಕಾಲು ಕುಂಟು. ಕೊಳ್ಳಲು ಬಂದ ರೈತ ಹಲ್ಲು ನೋಡಿದ, ಕಾಲಿನ ಬಗ್ಗೆ ಕೇಳಲಿಲ್ಲ. ಕೇಳಿದ್ದು, 'ಏನೂ ತೊಂದರೆಯಿಲ್ಲ' ಎಂದು ಮಾರುವವನು ಹೇಳಿದ್ದರೆ ಉತ್ತರ ಹೇಗೆ ಬದಲಾಗುತ್ತದೆ? ಒಂದೇ ತತ್ವದ ಎರಡು ಕತೆಗಳನ್ನು ಹೋಲಿಸಿ ನೋಡಿದವರಿಗೆ ಮೂರನೆಯ ಸಮಸ್ಯೆ ಬಿಡಿಸುವುದು ಸುಲಭವಾಗುತ್ತದೆ ಎಂಬುದು ಮನೋವಿಜ್ಞಾನಿಗಳಾದ ಗಿಕ್ ಮತ್ತು ಹೋಲಿಯೋಕ್ 1983ರಲ್ಲಿ ಕಂಡುಕೊಂಡ ಸಂಗತಿ. ಇಂಥ ಪ್ರಶ್ನೆಗಳನ್ನು ತಾನೇ ಕಟ್ಟುವ ವಿದ್ಯಾರ್ಥಿಗೆ ವ್ಯಾಪಾರದ ಮಾತು ಕೇಳುತ್ತಾ ಬೆಳೆದದ್ದೇ ಬಂಡವಾಳ.

ಪರೀಕ್ಷೆ ಇಂಗ್ಲಿಷಿನಲ್ಲಿದೆ ಎಂಬುದು ಕನ್ನಡ ಮಾಧ್ಯಮದವರಿಗೆ ನಿಜವಾದ ತೊಡಕು. ಗಮನವೆಲ್ಲ ಪದಗಳ ಅರ್ಥಕ್ಕೇ ಖರ್ಚಾದರೆ ತರ್ಕಕ್ಕೆ ಉಳಿಯುವುದು ಕಡಿಮೆ. ಇದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಪತ್ರಿಕೆ ಮಡಚಿಟ್ಟು, ಅದರ ವಾದವನ್ನು ನಾಲ್ಕು ಸಾಲಿನಲ್ಲಿ ಬರೆದರೆ ಭಾಷೆಯೂ ನೆನಪೂ ಒಟ್ಟಿಗೆ ಪಳಗುತ್ತವೆ.

ಕ್ಲ್ಯಾಟ್ ಬರೆಯಲು ವಯಸ್ಸಿನ ಗರಿಷ್ಠ ಮಿತಿಯಿಲ್ಲ. ಮೈಸೂರಿನ ಕೋಚಿಂಗಿಗೆ ದುಡ್ಡು ಹೊಂದಿಸಲಾಗದ ಮನೆಗಳಲ್ಲೂ ಒಂದು ನೋಟ್‌ಬುಕ್, ಹಳೆಯ ಪ್ರಶ್ನೆಪತ್ರಿಕೆ ಮತ್ತು ಪುಸ್ತಕ ಮುಚ್ಚುವ ಧೈರ್ಯ ಇದ್ದರೆ ಈ ಓದು ಸಾಧ್ಯ. ಮೊದಲ ಅಂಕ ಅಳೆದದ್ದು ಆ ದಿನದ ತಯಾರಿಯನ್ನು ಮಾತ್ರ. ತಯಾರಿಯ ರೀತಿಯನ್ನು ಬದಲಿಸಿಕೊಳ್ಳುವುದು ಕಲಿಯುವವರ ಕೈಯಲ್ಲೇ ಇದೆ.