ಮರೆವಿನ ಮೊದಲ ಗುರುತು

“ಅರವತ್ತಕ್ಕೆ ಅರಳು ಮರಳು” ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ತಿಳಿದುದೇ. ಬನಹಟ್ಟಿಯ ನಮ್ಮ ಮನೆಯಲ್ಲಿ ಆಯಿಗೆ ಈ ಮಾತೇ ಔಷಧವಾಯಿತು. ನಾಲ್ವತ್ತು ವರ್ಷ ಕಂಡಿಕೆ ಸುತ್ತಿದ ಆಕೆ ಒಂದು ದಿನ ಕಂಡಿಕೆಯನ್ನೇ ಕೈಯಲ್ಲಿ ಹಿಡಿದು, “ಇದು ಏನಪಾ?” ಎಂದು ನನ್ನನ್ನು ಕೇಳಿದಳು. ವಯಸ್ಸಾಯಿತೆಂದು ಎಲ್ಲರೂ ಸುಮ್ಮನಾದೆವು. ಅದು ಒಂದು ಬೇನೆಯಾಗಿರಬಹುದಿತ್ತೆಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ, ಆಕೆ ತೀರಿಕೊಂಡ ಮೇಲೆ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಅವರು, ಮರೆವಿನಿಂದ ಬಳಲಿ ಮಡಿದ ಹೆಣ್ಣುಮಗಳೊಬ್ಬಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಗಂಟುಗಳನ್ನೂ ಹೆಪ್ಪುಗಟ್ಟಿದ ಕಸವನ್ನೂ ಕಂಡರು. ಆ ಕಸದ ಮುಖ್ಯ ಭಾಗವೇ ಅಮಿಲಾಯ್ಡ್ ಎಂಬ ಪ್ರೋಟೀನು. ಮರೆವು ತೋರುವ 15-20 ವರ್ಷ ಮೊದಲೇ ಅದು ಸೇರತೊಡಗುತ್ತದೆ. ಆದರೆ ಬದುಕಿರುವವರ ತಲೆಯೊಳಗೆ, ಶಸ್ತ್ರ ತಾಗಿಸದೆ, ಅದನ್ನು ಕಾಣುವುದೆಂತು?

ಉತ್ತರ ದೊರೆತದ್ದು ಬಣ್ಣದಿಂದ! ರೇಷ್ಮೆ ಹಿಡಿದ ಬಣ್ಣವನ್ನೆಲ್ಲ ಹತ್ತಿಯ ನೂಲು ಹಿಡಿಯುವುದಿಲ್ಲವೆಂಬುದನ್ನು ನೇಕಾರರ ಮಕ್ಕಳು ಬಲ್ಲರು. ಹತ್ತಿಬಟ್ಟೆಗಾಗಿ 1880ರ ದಶಕದಲ್ಲಿ ಹುಟ್ಟಿದ ‘ಕಾಂಗೋ ಕೆಂಪು’ ಬಣ್ಣವನ್ನು ಅಮಿಲಾಯ್ಡ್ ಕೂಡ ಹಿಡಿಯುತ್ತದೆಂದು ವಿಜ್ಞಾನಿಗಳು ಮುಂದೆ ಕಂಡುಕೊಂಡರು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಇವರು ಅದೇ ಗುಣವುಳ್ಳ ಥಯೋಫ್ಲೇವಿನ್ ಬಣ್ಣವನ್ನು ಮಾರ್ಪಡಿಸಿ, ರಕ್ತದಿಂದ ಮೆದುಳನ್ನು ಸೇರಬಲ್ಲ ವಸ್ತುವೊಂದನ್ನು ಸಿದ್ಧಪಡಿಸಿದರು. 2002ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಅದನ್ನು ಕೊಟ್ಟು ನೋಡಲಾಯಿತು.

ಈ ವಸ್ತುವಿಗೆ ವಿಕಿರಣಶೀಲ ಪರಮಾಣುವನ್ನು ಜೋಡಿಸಿ ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಅಮಿಲಾಯ್ಡ್ ಇದ್ದೆಡೆ ಅದು ಅಂಟಿ ಉಳಿಯುತ್ತದೆ, ಇಲ್ಲದೆಡೆ ತೊಳೆದುಹೋಗುತ್ತದೆ. ಪರಮಾಣುವಿನಿಂದ ಹೊರಟ ಪಾಸಿಟ್ರಾನ್ ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ತಲೆಯ ಸುತ್ತ ಬಳೆಯಂತಿರುವ ಪೆಟ್ ಯಂತ್ರವು ಅವನ್ನು ಹಿಡಿದು, ಎಲ್ಲಿ ಎಷ್ಟು ಅಮಿಲಾಯ್ಡ್ ಇದೆಯೆಂಬ ಚಿತ್ರ ಕೊಡುತ್ತದೆ. ಎಂ.ಆರ್.ಐ. ಚಿತ್ರವಾದರೋ ಮೆದುಳು ಸವೆದುದನ್ನು ತೋರಿಸುತ್ತದೆಯೇ ಹೊರತು ಅಮಿಲಾಯ್ಡನ್ನು ಅಳೆಯುವುದಿಲ್ಲ.

ಇದೆಲ್ಲ ಪರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರಲ್ಲಿ 45 ದಾಟಿದವರ ನೆನಪಿನ ಶಕ್ತಿಯನ್ನು 2018ರಿಂದ ಪರೀಕ್ಷಿಸುತ್ತ ಬಂದಿದೆ.

ಆದರೆ ಚಿತ್ರವೇ ಸರ್ವಸ್ವವಲ್ಲ. ಅಮಿಲಾಯ್ಡ್ ಇದ್ದೂ ನೆನಪು ಚುರುಕಾಗಿರುವ ಮುದುಕರುಂಟು. ಥೈರಾಯ್ಡ್ ದೋಷದಿಂದ, ಬಿ-12 ಜೀವಸತ್ವದ ಕೊರತೆಯಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗಬಹುದು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕನೆಮ್ಯಾಬ್ ಔಷಧವೂ ರೋಗವನ್ನು ವಾಸಿಮಾಡದು. ಆರಂಭದಲ್ಲಿಯೇ ಕೊಟ್ಟರೆ ಅದರ ಓಟವನ್ನು ತುಸು ತಗ್ಗಿಸುತ್ತದೆ. ಆದುದರಿಂದ ಬೇಗ ತೋರಿಸುವುದೇ ಮುಖ್ಯ.

ತಂದೆಯವರಿಗೆ ಈಗ 52 ವರ್ಷ. ಸೀರೆಯ ಲೆಕ್ಕವನ್ನು ಅವರು ಇಂದಿಗೂ ಬಾಯಲ್ಲೇ ಹೇಳುತ್ತಾರೆ. ಎಂದಾದರೂ ಆ ಲೆಕ್ಕ ಮೇಲಿಂದ ಮೇಲೆ ತಪ್ಪತೊಡಗಿದರೆ, ಅರಳು ಮರಳೆಂದು ನಾನು ಸುಮ್ಮನಿರಲಾರೆ. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವೆನು. ಆಯಿಗೆ ಸಲ್ಲಬೇಕಾಗಿದ್ದ ಋಣ ಅಷ್ಟಾದರೂ ತೀರಲಿ.