ಮರೆವಿನ ನಡುವೆ ದಿನಚರಿ

ಅಂಕೋಲೆಯ ಅಜ್ಜಿಯೊಬ್ಬರು ಬೆಳಗಿನ ಗಂಜಿ ಉಂಡುದನ್ನು ಮರೆತು ಮತ್ತೆ ಮತ್ತೆ ಕೇಳಬಹುದು. ಆದರೆ ಅವರ ಕೈಗೆ ಅಬ್ಬಲಿಗೆ ಹೂವನ್ನೂ ಬಾಳೆಯ ನಾರನ್ನೂ ಕೊಟ್ಟುನೋಡಿರಿ, ಬೆರಳುಗಳು ತಾವಾಗಿ ದಂಡೆ ಕಟ್ಟತೊಡಗಬಹುದು. ಆಲ್‌ಝೈಮರ್ ವ್ಯಾಧಿಯಲ್ಲಿ ಹೊಸ ನೆನಪನ್ನು ಗ್ರಹಿಸುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗವು ಮೊದಲೇ ಕ್ಷೀಣಿಸಿದರೂ, ಚಿರಾಭ್ಯಾಸದ ಕೌಶಲವನ್ನು ಕಾಯುವ ಭಾಗಗಳು ಸಾಮಾನ್ಯವಾಗಿ ಬಹುಕಾಲ ಉಳಿಯುವುದೇ ಇದಕ್ಕೆ ಕಾರಣ. ಆದುದರಿಂದ ಸ್ನಾನ, ಗಂಜಿ, ಹೂವಿನ ಕೆಲಸ, ಮುಳ್ಳು ತೆಗೆದ ಮೀನಿನೊಡನೆ ಮಧ್ಯಾಹ್ನದ ಊಟ, ಎಲ್ಲವೂ ನಿತ್ಯವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ನಡೆಯಲಿ.

ಕಾರವಾರದ ಕಡಲಿನಲ್ಲಿ ಸೂರ್ಯನು ಇಳಿಯುವ ಹೊತ್ತಿಗೆ ಅನೇಕರಲ್ಲಿ ಕಳವಳ ಹೆಚ್ಚುವುದುಂಟು. ಸ್ವಂತ ಮನೆಯಲ್ಲಿದ್ದೇ “ಮನೆಗೆ ಹೋಗುತ್ತೇನೆ” ಎಂದು ಹೊರಡುವರು. ಕತ್ತಲು ಕವಿಯುವ ಮೊದಲೇ ದೀಪ ಬೆಳಗಿಸಿ, ವಾದಿಸದೆ ಅವರ ಬಳಿ ಕುಳಿತುಕೊಳ್ಳಿರಿ. “ನಾನು ಯಾರು, ಹೇಳಿ ನೋಡೋಣ” ಎಂಬ ಪರೀಕ್ಷೆ ಬೇಡವೇ ಬೇಡ. ಸಲಹೆಗೆ ಹಿರಿಯ ನಾಗರಿಕರ ಸಹಾಯವಾಣಿ 14567.